ಯಾವ ಮಾರುಕಟ್ಟೆಯ ಪಾಲು? ಸೂಪರ್‌ಮಾರ್ಕೆಟ್ ಅಂಕಿಗಳನ್ನು ತರಗತಿಗೆ ತರುವ ಬಗೆ

ವ್ಯವಹಾರ ಅಧ್ಯಯನದ ಪಾಠಕ್ಕೆಂದು ನಮ್ಮ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಚಾರ್ಟುಗಳಲ್ಲಿ ಒಂದು ವೃತ್ತನಕ್ಷೆ ಇದ್ದೇ ಇರುತ್ತದೆ. ರಿಲಯನ್ಸ್‌ಗೆ ಇಷ್ಟು, ಡಿಮಾರ್ಟ್‌ಗೆ ಇಷ್ಟು, ಮೋರ್‌ಗೆ ಇಷ್ಟು, ಸ್ಪೆನ್ಸರ್ಸ್‌ಗೆ ಇಷ್ಟು ಎಂದು ಬಣ್ಣ ತುಂಬಿರುತ್ತಾರೆ. ಎಲ್ಲವನ್ನೂ ಕೂಡಿದರೆ ಸರಿಯಾಗಿ ನೂರು. ಚಾರ್ಟು ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಹುಣಸೂರಿನಾಚೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ತೂಗುಹಾಕಿದಾಗ ಮಕ್ಕಳು ಏನು ಓದಿಕೊಳ್ಳುತ್ತಾರೆ? ದೇಶದಲ್ಲಿ ದಿನಸಿ ಮಾರುವವರು ಈ ನಾಲ್ಕೈದು ಜನ ಮಾತ್ರ ಎಂದು. ಅವರ ಮನೆಗೆ ಬೆಲ್ಲ, ಎಣ್ಣೆ, ಸೋಪು ಬರುವ ಅಂಗಡಿಗೆ ಆ ವೃತ್ತದಲ್ಲಿ ಒಂದು ಗೆರೆಯಷ್ಟೂ ಜಾಗವಿಲ್ಲ. ಆ ಅಂಗಡಿಯವರ ಮಗಳು ಅದೇ ತರಗತಿಯ ಮೂರನೆಯ ಬೆಂಚಿನಲ್ಲಿ ಕುಳಿತಿರಬಹುದು.

ಚಾರ್ಟಿನಲ್ಲಿರುವ ಅಂಕಿಗಳು ತಪ್ಪೆಂದೇನೂ ಅಲ್ಲ. ಅವು ಯಾವುದರ ನೂರನೇ ಪಾಲು ಎಂಬುದನ್ನು ಹೇಳದೆ ಬಿಟ್ಟಿರುವುದೇ ತೊಡಕು. ಮಾರುಕಟ್ಟೆ ಪಾಲು ಎಂಬುದು ಒಂದು ಭಿನ್ನರಾಶಿ. ಮೇಲೆ ಅಂಶ, ಕೆಳಗೆ ಛೇದ. ಕಂಪನಿಯ ಮಾರಾಟ ಅಂಶವಾದರೆ, ಯಾವ ಮಾರುಕಟ್ಟೆಯ ಒಟ್ಟು ಮಾರಾಟ ಎಂಬುದು ಛೇದ. ಛೇದವನ್ನು ‘ಸರಣಿ ಅಂಗಡಿಗಳು ಮಾತ್ರ’ ಎಂದಿಟ್ಟುಕೊಂಡರೆ ದೊಡ್ಡ ಕಂಪನಿಯ ಪಾಲು ದೊಡ್ಡದಾಗಿ ಕಾಣುತ್ತದೆ. ‘ದೇಶದ ಎಲ್ಲ ದಿನಸಿ ವ್ಯಾಪಾರ’ ಎಂದಿಟ್ಟುಕೊಂಡರೆ ಅದೇ ಕಂಪನಿ ಸಣ್ಣ ಚೂರಾಗುತ್ತದೆ. ನಮ್ಮಲ್ಲಿ ದಿನಸಿಯ ಬಹುಪಾಲು ಇನ್ನೂ ಕಿರಾಣಿ ಅಂಗಡಿ, ಸಂತೆ, ತಳ್ಳುಗಾಡಿಗಳ ಮೂಲಕವೇ ಮನೆ ಸೇರುತ್ತಿದೆ.

ಬೇರೆ ಕೆಲವು ದೇಶಗಳಲ್ಲಿ ಈ ತೊಡಕು ಇಷ್ಟಿಲ್ಲ. ಬ್ರಿಟನ್ನಿನ ದಿನಸಿ ವ್ಯಾಪಾರದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಟೆಸ್ಕೊ ಒಂದರದೇ. ಆಸ್ಟ್ರೇಲಿಯಾದಲ್ಲಿ ಸೂಪರ್‌ಮಾರ್ಕೆಟ್ ಮಾರಾಟದ ಶೇ. 38 ವೂಲ್‌ವರ್ತ್ಸ್‌ಗೆ, ಶೇ. 29 ಕೋಲ್ಸ್‌ಗೆ ಸೇರಿದೆ ಎಂದು ಅಲ್ಲಿನ ಸ್ಪರ್ಧಾ ಮತ್ತು ಗ್ರಾಹಕ ಆಯೋಗ 2025ರಲ್ಲಿ ವರದಿ ಮಾಡಿತು. ಅಲ್ಲಿ ಹೆಚ್ಚುಕಡಿಮೆ ಪ್ರತಿ ಮಾರಾಟಕ್ಕೂ ಬಿಲ್ಲು ಇರುವುದರಿಂದ ಛೇದ ಸಿಗುತ್ತದೆ. ನಮ್ಮಲ್ಲಿ ಹಾಗಲ್ಲ. ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಅದಕ್ಕಿಂತ ಕಡಿಮೆಯಿದ್ದವರು ರಿಟರ್ನ್ ಸಲ್ಲಿಸಬೇಕಿಲ್ಲ. ಹಳ್ಳಿಯ ಅಂಗಡಿಗಳ ಮಾರಾಟ ಹೀಗಾಗಿ ಯಾವ ಕಡತಕ್ಕೂ ಇಳಿಯುವುದಿಲ್ಲ, ಛೇದದ ದೊಡ್ಡ ಭಾಗವನ್ನು ಅಂದಾಜಿನಿಂದಲೇ ತುಂಬಬೇಕಾಗುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿ ಬಿದ್ದದ್ದನ್ನು ಮಕ್ಕಳೂ ನೋಡಿದ್ದಾರೆ. ಛೇದದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೂರ್ವಜ್ಞಾನ ಬೇಕಿಲ್ಲ.

ಇನ್ನು ಕಂಪನಿಗಳ ಹಣಕಾಸಿನ ಸಾಧನೆ. ಇಲ್ಲಿ ಅಂದಾಜು ಬೇಕಾಗಿಲ್ಲ, ಪ್ರಕಟವಾದ ಲೆಕ್ಕಪತ್ರಗಳಿವೆ. ಡಿಮಾರ್ಟ್ ಅಂಗಡಿಗಳನ್ನು ನಡೆಸುವ ಅವೆನ್ಯೂ ಸೂಪರ್‌ಮಾರ್ಟ್ಸ್ ತನ್ನ ಮೊದಲ ಮಳಿಗೆಯನ್ನು 2002ರಲ್ಲಿ ಮುಂಬಯಿಯ ಪವಾಯಿಯಲ್ಲಿ ತೆರೆಯಿತು. 2017ರ ಮಾರ್ಚ್‌ನಲ್ಲಿ ಷೇರುಪೇಟೆಗೆ ಬಂತು. ಮೈಸೂರಿನಲ್ಲೂ ಇದರ ಮಳಿಗೆಯಿದೆ, ನಮ್ಮ ನಾಲ್ಕು ತಾಲ್ಲೂಕುಗಳಿಂದ ಹಬ್ಬದ ಸಾಮಾನಿಗೆ ಅಲ್ಲಿಗೆ ಹೋಗಿಬರುವ ಕುಟುಂಬಗಳೂ ಇವೆ. ಅದರ ಕ್ರೋಡೀಕೃತ ಲೆಕ್ಕದ ಮೂರು ವರ್ಷಗಳನ್ನು ಕಪ್ಪುಹಲಗೆಯ ಮೇಲೆ ಹೀಗೆ ಬರೆಯಬಹುದು:

2022-23: ವಹಿವಾಟು 42,840 ಕೋಟಿ ರೂ., ನಿವ್ವಳ ಲಾಭ 2,378 ಕೋಟಿ ರೂ., ಮಳಿಗೆಗಳು 324
2023-24: ವಹಿವಾಟು 50,789 ಕೋಟಿ ರೂ., ನಿವ್ವಳ ಲಾಭ 2,536 ಕೋಟಿ ರೂ., ಮಳಿಗೆಗಳು 365
2024-25: ವಹಿವಾಟು 59,358 ಕೋಟಿ ರೂ., ನಿವ್ವಳ ಲಾಭ 2,707 ಕೋಟಿ ರೂ., ಮಳಿಗೆಗಳು 415

‘ಎಲ್ಲವೂ ಏರಿದೆ, ಆದ್ದರಿಂದ ಸಾಧನೆ ಉತ್ತಮ’ ಎಂದು ಮುಗಿಸಿಬಿಡುವ ಪಾಠಗಳೇ ಹೆಚ್ಚು. ಮಕ್ಕಳಿಂದಲೇ ಭಾಗಾಕಾರ ಮಾಡಿಸಿ. ನೂರು ರೂಪಾಯಿ ಮಾರಾಟಕ್ಕೆ ಉಳಿದ ನಿವ್ವಳ ಲಾಭ ಮೊದಲ ವರ್ಷ 5.55 ರೂ., ಎರಡನೆಯ ವರ್ಷ 4.99 ರೂ., ಮೂರನೆಯ ವರ್ಷ 4.56 ರೂ. ಎರಡು ವರ್ಷದಲ್ಲಿ ಮಾರಾಟ ಸುಮಾರು ಶೇ. 38.6ರಷ್ಟು ಏರಿದರೆ ಲಾಭ ಏರಿದ್ದು ಶೇ. 13.8ರಷ್ಟು ಮಾತ್ರ. ಕಂಪನಿ ದೊಡ್ಡದಾಗುತ್ತಿದೆ, ಪ್ರತಿ ರೂಪಾಯಿಯಲ್ಲಿ ಅದರ ಕೈಗೆ ಉಳಿಯುವುದು ಸಣ್ಣದಾಗುತ್ತಿದೆ. ಈ ಎರಡು ಮಾತೂ ಒಟ್ಟಿಗೆ ನಿಜವಾಗಬಲ್ಲವು ಎಂಬುದು ಹದಿನೈದು ವರ್ಷದ ಮಗುವಿಗೆ ಹೊಳೆದರೆ ಆ ಅವಧಿ ಸಾರ್ಥಕ.

ಐದು ರೂಪಾಯಿಗೂ ಕಡಿಮೆ ಲಾಭದಲ್ಲಿ ಕಂಪನಿ ನಡೆಯುವುದಾದರೂ ಹೇಗೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರ ಸರಕಿನ ಓಡಾಟದಲ್ಲಿದೆ. ಡಿಮಾರ್ಟ್‌ನ ನೂರು ರೂಪಾಯಿ ಮಾರಾಟದಲ್ಲಿ ಸುಮಾರು 85 ರೂಪಾಯಿ ಸರಕು ಕೊಂಡದ್ದಕ್ಕೇ ಹೋಗುತ್ತದೆ. ಆದರೆ ಒಮ್ಮೆ ತುಂಬಿದ ದಾಸ್ತಾನು ಹೆಚ್ಚುಕಡಿಮೆ ತಿಂಗಳೊಳಗೆ ಖಾಲಿಯಾಗುತ್ತದೆ. ಅಂದರೆ ಸರಕಿನಲ್ಲಿ ಹೂಡಿದ ಅದೇ ರೂಪಾಯಿ ವರ್ಷಕ್ಕೆ ಹತ್ತು ಹನ್ನೊಂದು ಸಲ ದುಡಿಯುತ್ತದೆ. ಗ್ರಾಹಕ ಕೌಂಟರಿನಲ್ಲೇ ಹಣ ಕೊಡುತ್ತಾನೆ, ಉದ್ರಿಯ ಮಾತೇ ಇಲ್ಲ. ಪೂರೈಕೆದಾರರಿಗೆ ಬೇಗ ಹಣ ಪಾವತಿಸಿ ಅದರ ಬಲದ ಮೇಲೆ ದರ ಇಳಿಸಿಕೊಳ್ಳುತ್ತಾರೆ. ಸಾಧ್ಯವಾದಲ್ಲೆಲ್ಲ ಕಟ್ಟಡವನ್ನು ಬಾಡಿಗೆಗೆ ಹಿಡಿಯದೆ ಕೊಂಡುಕೊಳ್ಳುತ್ತಾರೆ. ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದ ಅನುಪಾತಗಳ ಅಧ್ಯಾಯದಲ್ಲಿ ದಾಸ್ತಾನು ವಹಿವಾಟಿನ ಅನುಪಾತ, ಋಣಿಗಳ ವಹಿವಾಟಿನ ಅನುಪಾತ ಎಂದು ಸೂತ್ರ ಬಾಯಿಪಾಠ ಮಾಡಿಸುತ್ತೇವಲ್ಲ, ಅವುಗಳ ಜೀವ ಇರುವುದು ಇಲ್ಲಿ.

ಎರಡು ಕಂಪನಿಗಳನ್ನು ಹೋಲಿಸುವಾಗ ಇನ್ನೂ ಎಚ್ಚರ ಬೇಕು. ರಿಲಯನ್ಸ್ ರಿಟೇಲ್ 2023-24ರಲ್ಲಿ ಪ್ರಕಟಿಸಿದ ಒಟ್ಟು ಆದಾಯ 3,06,848 ಕೋಟಿ ರೂಪಾಯಿ, ಲಾಭ 11,101 ಕೋಟಿ. ಮಳಿಗೆಗಳು 18,836. ಡಿಮಾರ್ಟ್‌ನ ಆರು ಪಟ್ಟು ಎಂದು ಚಾರ್ಟಿನಲ್ಲಿ ಬರೆದುಬಿಡುವುದು ಸುಲಭ. ಆದರೆ ರಿಲಯನ್ಸ್ ರಿಟೇಲ್‌ನ ಆದಾಯದಲ್ಲಿ ದಿನಸಿಯ ಜೊತೆಗೆ ಮೊಬೈಲು, ಟಿವಿ, ಬಟ್ಟೆ, ಚಿನ್ನವೂ ಸೇರಿವೆ. ಅಲ್ಲದೆ ಆ ಒಟ್ಟು ಆದಾಯದೊಳಗೆ ಜಿಎಸ್‌ಟಿ ಕೂಡ ಇದೆ. ತೆರಿಗೆ ಕಳೆದರೆ ಉಳಿಯುವುದು 2,73,131 ಕೋಟಿ. ಮೊದಲ ಮೊತ್ತದಿಂದ ಭಾಗಿಸಿದರೆ ಲಾಭ ಶೇ. 3.6, ಎರಡನೆಯದರಿಂದ ಭಾಗಿಸಿದರೆ ಶೇ. 4.1. ಡಿಮಾರ್ಟ್‌ನ ವಹಿವಾಟು ತೆರಿಗೆ ಕಳೆದದ್ದು, ಆದ್ದರಿಂದ ಅದರೊಂದಿಗೆ ಹೋಲಿಸಬೇಕಾದದ್ದು ಎರಡನೆಯದನ್ನು. ಮಳಿಗೆಗಳ ಸಂಖ್ಯೆಯಂತೂ ಇನ್ನೂ ದಾರಿ ತಪ್ಪಿಸುತ್ತದೆ. ಒಂದು ಕಡೆ ಮೊಬೈಲ್ ಅಂಗಡಿಯನ್ನೂ ಒಂದು ಎಂದು ಎಣಿಸಿದ್ದಾರೆ, ಇನ್ನೊಂದು ಕಡೆ ಮಾಳಿಗೆಗಳಿರುವ ದೊಡ್ಡ ಕಟ್ಟಡವನ್ನೂ ಒಂದು ಎಂದೇ ಎಣಿಸಿದ್ದಾರೆ.

ಮಳಿಗೆ ಹೆಚ್ಚಿದ್ದರೆ ಗಟ್ಟಿ ಕಂಪನಿ ಎಂಬ ನಂಬಿಕೆಯನ್ನು ಒಡೆಯಲು ಸುಭಿಕ್ಷದ ಕತೆ ಸಾಕು. 1997ರಲ್ಲಿ ಚೆನ್ನೈನಲ್ಲಿ ಶುರುವಾದ ಈ ಸರಣಿ ಸುಮಾರು 1,600 ಅಂಗಡಿಗಳವರೆಗೆ ಬೆಳೆದು, ಕರ್ನಾಟಕಕ್ಕೂ ಬಂದು, 2009ರ ಆರಂಭದ ಹೊತ್ತಿಗೆ ಬಾಗಿಲು ಹಾಕಿತು. ಕೈಯಲ್ಲಿ ನಗದು ಇರಲಿಲ್ಲ. ಪೂರೈಕೆದಾರರಿಗೂ ಬಾಕಿ, ನೌಕರರಿಗೂ ಬಾಕಿ. ಒಂದು ಕಾಲಕ್ಕೆ ಊರೂರಲ್ಲಿ ಹೆಸರಾಗಿದ್ದ ಬಿಗ್ ಬಜಾರ್‌ನ ಫ್ಯೂಚರ್ ರಿಟೇಲ್ ಕೂಡ ಸಾಲದ ಹೊರೆಯಿಂದ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಜರ್ಮನಿಯ ಮೆಟ್ರೊ ಕಂಪನಿ 2003ರಲ್ಲಿ ಬೆಂಗಳೂರಿನಿಂದ ತನ್ನ ಸಗಟು ವ್ಯಾಪಾರ ಆರಂಭಿಸಿ, ಎರಡು ದಶಕದ ನಂತರ ಇಲ್ಲಿನ ವ್ಯವಹಾರವನ್ನು 2,850 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರಿ ಹೋಯಿತು. ಪಾಲು ಗಳಿಸುವುದೂ ಬದುಕುಳಿಯುವುದೂ ಬೇರೆಬೇರೆ ಸಂಗತಿಗಳು ಎಂದು ತೋರಿಸಲು ಇಷ್ಟು ಉದಾಹರಣೆ ಸಾಕು, ಪಟ್ಟಿ ಬೆಳೆಸಬೇಡಿ. ಪಾಠದ ತಿರುಳು ಊರಿನ ಅಂಗಡಿಯಲ್ಲಿದೆ.

ಅದನ್ನು ಒಂದು ಕಲ್ಪಿತ ಲೆಕ್ಕದಿಂದ ಮಾಡೋಣ. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗಂಡಹೆಂಡತಿ ಸೇರಿ ನಡೆಸುವ ಅಂಗಡಿ. ತಿಂಗಳಿಗೆ ಒಂದೂವರೆ ಲಕ್ಷ ವ್ಯಾಪಾರ, ವರ್ಷಕ್ಕೆ 18 ಲಕ್ಷ. ನೂರಕ್ಕೆ ಹತ್ತರಂತೆ ಒಟ್ಟು ಲಾಭ 1,80,000 ರೂಪಾಯಿ. ಬಾಡಿಗೆ, ಕರೆಂಟು, ಸಾಮಾನು ತರುವ ಆಟೋ ಬಾಡಿಗೆ ಸೇರಿ ವರ್ಷಕ್ಕೆ 36,000. ಉಳಿದದ್ದು 1,44,000. ಮಾರಾಟದ ಶೇ. 8. ಇಲ್ಲಿಗೆ ಬಂದಾಗ ಮಕ್ಕಳ ಮುಖ ಅರಳುತ್ತದೆ, ನಮ್ಮೂರ ಅಂಗಡಿ ಡಿಮಾರ್ಟ್‌ಗಿಂತ ಮೇಲು! ಅವರನ್ನು ಸ್ವಲ್ಪ ಹೊತ್ತು ಆ ಸಂತೋಷದಲ್ಲಿ ಬಿಡಿ. ಆಮೇಲೆ ಒಂದು ಪ್ರಶ್ನೆ ಹಾಕಿ: ಅಂಗಡಿಯಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ನಿಂತವರ ಸಂಬಳ ಎಲ್ಲಿ?

ಕಂಪನಿಯ ಲೆಕ್ಕದಲ್ಲಿ ನೌಕರರ ಸಂಬಳವೆಲ್ಲ ಕಳೆದ ಮೇಲೆ ಉಳಿಯುವುದು ಲಾಭ. ಮನೆಮಂದಿಯ ಅಂಗಡಿಯಲ್ಲಿ ಸಂಬಳವೂ ಲಾಭವೂ ಒಂದೇ ಗಲ್ಲದಲ್ಲಿರುತ್ತವೆ. ಇಬ್ಬರ ದುಡಿಮೆಗೆ ಸೇರಿ ತಿಂಗಳಿಗೆ 12,000 ರೂಪಾಯಿ ಎಂದು ಬಹಳ ಕಡಿಮೆಯಾಗಿಯೇ ಹಿಡಿದರೂ ವರ್ಷಕ್ಕೆ 1,44,000 ಆಯಿತು. ಲಾಭ ಸೊನ್ನೆ. ಒಬ್ಬರಿಗೆ ದಿನಕ್ಕೆ ಇನ್ನೂರು ರೂಪಾಯಿ ಬಿತ್ತು ಎಂದು ಮಕ್ಕಳೇ ಲೆಕ್ಕ ಹಾಕಿ ಹೇಳುತ್ತಾರೆ. ಕೂಲಿಯ ದರ ಅವರಿಗೆ ಗೊತ್ತಿರುತ್ತದೆ.

ಈಗ ಉದ್ರಿ. ಹುಣಸೂರು, ಪಿರಿಯಾಪಟ್ಟಣದ ಕಡೆ, ಎಚ್.ಡಿ. ಕೋಟೆಯ ಕೆಲವು ಭಾಗಗಳಲ್ಲೂ ಹೊಗೆಸೊಪ್ಪು ಹಣದ ಬೆಳೆ. ಏಪ್ರಿಲ್-ಮೇ ಹೊತ್ತಿಗೆ ನಾಟಿ, ಆಮೇಲೆ ಬ್ಯಾರನ್ನಿನಲ್ಲಿ ಬೇಯಿಸಿ ಹದ ಮಾಡುವುದು, ಸೆಪ್ಟೆಂಬರ್ ಕೊನೆಯಿಂದಾಚೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ತೆರೆದ ಮೇಲೆ ಬೇಲು ಮಾರಿ ಹಣ ನೋಡುವುದು. ನಡುವಿನ ನಾಲ್ಕೈದು ತಿಂಗಳು ಮನೆಗೆ ಸಾಮಾನು ಬರುವುದು ಅಂಗಡಿಯವರ ಪುಸ್ತಕದ ಮೇಲೆ. ಕೆ.ಆರ್. ನಗರದ ನಾಲೆಯ ಬಯಲಿನಲ್ಲಿ ಇದೇ ಕತೆ ಭತ್ತದ ಕೊಯ್ಲಿಗೆ ಕಾಯುತ್ತದೆ. ಕೋಟೆಯ ಕಡೆ ಕೊಡಗಿನ ತೋಟಕ್ಕೋ ಕೇರಳದ ಶುಂಠಿ ಹೊಲಕ್ಕೋ ಹೋಗುವವರ ಮನೆಗಳಲ್ಲಿ ವಾರದ ಬಟವಾಡೆ, ವಾರದ ಸಂತೆ, ಸಣ್ಣ ಉದ್ರಿ.

ನಮ್ಮ ಕಲ್ಪಿತ ಅಂಗಡಿಯ ವ್ಯಾಪಾರದಲ್ಲಿ ಅರ್ಧ, ಅಂದರೆ 9 ಲಕ್ಷ, ಉದ್ರಿ ಎನ್ನಿ. ಹಣ ಬರಲು ಸರಾಸರಿ ಐದು ತಿಂಗಳು. ಆಗ ಸರಾಸರಿ ಬಾಕಿ 9 ಲಕ್ಷ × 5 ÷ 12, ಅಂದರೆ 3,75,000 ರೂಪಾಯಿ. ಅಷ್ಟು ಹಣವನ್ನು ವರ್ಷಕ್ಕೆ ಶೇ. 12ರ ಬಡ್ಡಿಗೆ ತಂದಿದ್ದರೂ ಬಡ್ಡಿಯೇ 45,000. ಸೊನ್ನೆಯಿದ್ದ ಲಾಭ ಈಗ 45,000 ನಷ್ಟ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಾದರೆ ನಷ್ಟ 90,000. ಡಿಮಾರ್ಟ್‌ನ ರೂಪಾಯಿ ತಿಂಗಳಿಗೊಮ್ಮೆ ಮರಳಿ ಬರುತ್ತದೆ. ಈ ಅಂಗಡಿಯವರು ಮೇ ತಿಂಗಳಲ್ಲಿ ಕೊಟ್ಟ ರೂಪಾಯಿ ಮರಳುವುದು ಹರಾಜು ಶುರುವಾದ ಮೇಲೆ. ಶೇ. 5 ಮತ್ತು ಶೇ. 8ರ ಹೋಲಿಕೆ ಏಕೆ ಸುಳ್ಳಾಗಿತ್ತು ಎಂಬುದು ಈಗ ಕಪ್ಪುಹಲಗೆಯ ಮೇಲೆ ಎದ್ದು ಕಾಣುತ್ತದೆ.

ಹಾಗಾದರೆ ಈ ಅಂಗಡಿ ಮುಚ್ಚದೆ ನಿಂತಿರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹೇಳಿಕೊಡಬೇಡಿ, ಮಕ್ಕಳಿಂದಲೇ ಹೊರಡಿಸಿ. ಮನೆಮಂದಿ ತಮ್ಮ ಕೂಲಿಯನ್ನು ತಾವೇ ಇಳಿಸಿಕೊಳ್ಳುತ್ತಾರೆ. ಉದ್ರಿಯ ಸಾಮಾನಿಗೆ ಒಂದೆರಡು ರೂಪಾಯಿ ಹೆಚ್ಚು ಹಿಡಿದಿರುವುದೂ ಉಂಟು. ಹತ್ತು ರೂಪಾಯಿಯ ಎಣ್ಣೆ, ಐದು ರೂಪಾಯಿಯ ಕಾಫಿಪುಡಿ ಮಾರುತ್ತಾರೆ. ಜ್ವರದ ಮಾತ್ರೆಗೆಂದು ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದರೂ ತೆರೆಯುತ್ತಾರೆ. ಮುಖ್ಯವಾಗಿ, ಯಾರ ಹೊಲದಲ್ಲಿ ಬೆಳೆ ಹೇಗಿದೆ ಎಂಬುದು ಅವರಿಗೆ ಗೊತ್ತು, ಆದ್ದರಿಂದ ಯಾರಿಗೆ ಎಷ್ಟು ಸಾಲ ಕೊಡಬಹುದು ಎಂಬುದೂ ಗೊತ್ತು. ಸರಣಿ ಅಂಗಡಿಯ ಕಂಪ್ಯೂಟರ್ ಮುಂದೆ ಕುಳಿತ ಹುಡುಗನಿಗೆ ಅದು ಗೊತ್ತಿರಲು ಸಾಧ್ಯವಿಲ್ಲ, ಗೊತ್ತಿದ್ದರೂ ಸಾಲ ಕೊಡುವ ಅಧಿಕಾರ ಅವನಿಗಿಲ್ಲ. ಇನ್ನೊಂದು ಬದಿಯನ್ನೂ ಮುಚ್ಚಿಡಬೇಕಿಲ್ಲ. ನಗದು ಕೈಗೆ ಬಂದ ತಿಂಗಳು ಅದೇ ಗ್ರಾಹಕರು ಮೈಸೂರಿನ ಬಸ್ಸು ಹತ್ತುತ್ತಾರೆ, ಊರಿನ ಅಂಗಡಿಗೆ ಉದ್ರಿಯ ತಿಂಗಳುಗಳು ಉಳಿಯುತ್ತವೆ. ಸರಣಿಯ ಪಾಲು ನೂರಕ್ಕೆ ಐದೇ ಏರಿದರೂ ಆ ಐದು ನಗದಿನ ಐದು. ಸಣ್ಣ ಅಂಗಡಿಗೆ ಪೆಟ್ಟು ಬೀಳುವುದು ಅಲ್ಲಿ, ಮತ್ತು ಶೇಕಡಾವಾರು ಪಾಲು ಮಾತ್ರ ತೋರಿಸುವ ವೃತ್ತನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ.

ಇದಕ್ಕೆ ಹೊಂದುವ ಚಟುವಟಿಕೆಯೊಂದನ್ನು ಇಂಟರ್ನ್‌ಶಿಪ್ಪಿನ ಶಾಲೆಯಲ್ಲಿ ಮಾಡಿಸಬಹುದು. ಪ್ರತಿ ವಿದ್ಯಾರ್ಥಿ ತನ್ನ ಮನೆಯಲ್ಲಿ ಒಂದು ತಿಂಗಳಿಗೆ ಬಂದ ಐದು ಸಾಮಾನು, ಧಾನ್ಯ, ಎಣ್ಣೆ, ಸೋಪು, ತರಕಾರಿ, ಹಾಲು, ಎಲ್ಲಿಂದ ಬಂದವು ಎಂದು ಬರೆದು ತರಲಿ: ಊರಿನ ಅಂಗಡಿ, ಸಂತೆ, ತಾಲ್ಲೂಕು ಪೇಟೆ, ಮೈಸೂರಿನ ಸೂಪರ್‌ಮಾರ್ಕೆಟ್, ಡೇರಿ, ನ್ಯಾಯಬೆಲೆ ಅಂಗಡಿ, ಸ್ವಂತ ಹೊಲ. ಪ್ರಮಾಣವನ್ನೂ ಬೆಲೆಯನ್ನೂ ಬೇರೆಬೇರೆ ಬರೆಯಲಿ. ಮಜಾ ಶುರುವಾಗುವುದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ. 2023ರ ಜನವರಿಯಿಂದ ಆದ್ಯತಾ ಕಾರ್ಡಿನ ಪ್ರತಿ ಸದಸ್ಯರಿಗೆ ಕೇಂದ್ರದ ಪಾಲಿನ 5 ಕೆ.ಜಿ. ಧಾನ್ಯ ಉಚಿತ. ನಾಲ್ವರ ಮನೆಗೆ ಅದೊಂದೇ 20 ಕೆ.ಜಿ. ಮೇಲೆ 10 ಕೆ.ಜಿ.ಯನ್ನು ಅಂಗಡಿಯಲ್ಲಿ ಕೆ.ಜಿ.ಗೆ 50 ರೂಪಾಯಿಯಂತೆ ಕೊಂಡರೆಂದು ಹಿಡಿದರೆ, ತೂಕದಲ್ಲಿ ನ್ಯಾಯಬೆಲೆ ಅಂಗಡಿಯ ಪಾಲು ಮೂರರಲ್ಲಿ ಎರಡು, ರೂಪಾಯಿಯಲ್ಲಿ ಸೊನ್ನೆ. ಒಂದೇ ಮನೆ, ಒಂದೇ ತಿಂಗಳು, ಒಂದೇ ಧಾನ್ಯ. ಕಂಪನಿಗಳ ಪಾಲನ್ನು ಯಾವಾಗಲೂ ರೂಪಾಯಿಯಲ್ಲೇ ಅಳೆಯುವುದರಿಂದ ಯಾವುದು ಕಣ್ಮರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಸ್ವಂತ ಹೊಲದ ರಾಗಿಗೂ ಇದೇ ಗತಿ.

ಸಮೀಕ್ಷೆ ಮಾಡಿಸುವಾಗ ಒಂದು ಕಟ್ಟುನಿಟ್ಟು ಇರಲಿ. ಹಾಳೆಯ ಮೇಲೆ ಹೆಸರು ಬೇಡ. ಉದ್ರಿ ಎಷ್ಟಿದೆ ಎಂಬ ಪ್ರಶ್ನೆ ಬೇಡವೇ ಬೇಡ. ಸಾಲಕೊಟ್ಟವರ ಮಗ, ಸಾಲ ತೆಗೆದುಕೊಂಡವರ ಮಗಳು ಒಂದೇ ಕೊಠಡಿಯಲ್ಲಿರುತ್ತಾರೆ. ಉದ್ರಿಯನ್ನು ಕಲಿಸಲು ಕಲ್ಪಿತ ಅಂಗಡಿ ಸಾಕು, ನಿಜವಾದ ಪುಸ್ತಕ ತರಗತಿಗೆ ಬರಬಾರದು. ಯಾರ ಮನೆಗೂ ಸೂಪರ್‌ಮಾರ್ಕೆಟ್ ಸಾಮಾನು ಬರುವುದಿಲ್ಲ ಎಂಬ ಉತ್ತರ ಹಾಡಿಯ ಮಕ್ಕಳಿರುವ ಶಾಲೆಯಲ್ಲಿ ಬಂದರೆ ಅದನ್ನು ಕೊರತೆ ಎಂಬಂತೆ ಓದಿಹೇಳುವುದೂ ಬೇಡ. ಕೋಷ್ಟಕದಲ್ಲಿ ಸೊನ್ನೆ ಎಂದು ಬರೆದು ಮುಂದಿನ ಸಾಲಿಗೆ ಹೋಗಿ.

ಇಡೀ ವಿಷಯ ಒಂದೇ ಅವಧಿಗೆ ಹಿಡಿಸುವುದಿಲ್ಲ. ಮೊದಲ ಅವಧಿಗೆ ಛೇದ ಮತ್ತು ಸಮೀಕ್ಷೆ, ಎರಡನೆಯದಕ್ಕೆ ಡಿಮಾರ್ಟ್‌ನ ಮೂರು ವರ್ಷ, ಮೂರನೆಯದಕ್ಕೆ ಕಲ್ಪಿತ ಅಂಗಡಿ ಎಂದು ಹಂಚಿಕೊಂಡರೆ ನಲವತ್ತು ನಿಮಿಷಗಳಲ್ಲಿ ಏದುಸಿರು ಬರುವುದಿಲ್ಲ. ಒಂದೇ ಅವಧಿ ಸಿಕ್ಕಿದರೆ ಮೂರನೆಯದನ್ನು ಆರಿಸಿಕೊಳ್ಳಿ. ಪಾಠ ವೀಕ್ಷಿಸುವ ಉಪನ್ಯಾಸಕರಿಗೂ ಒಂದು ಮಾತು. ವೀಕ್ಷಣಾ ಹಾಳೆಯಲ್ಲಿ ಚಾರ್ಟಿನ ಅಂದ, ಕಪ್ಪುಹಲಗೆಯ ಬರವಣಿಗೆ, ಧ್ವನಿ ಎಲ್ಲಕ್ಕೂ ಅಂಕಣವಿದೆ. ಶೇಕಡಾ ಎಂಬ ಪದ ಬಂದ ಕೂಡಲೇ ‘ಯಾವುದರ ಶೇಕಡಾ?’ ಎಂದು ಪ್ರಶಿಕ್ಷಣಾರ್ಥಿ ಕೇಳಿದರೇ, ಇಲ್ಲವೇ ಎಂಬುದನ್ನೂ ಅಂಚಿನಲ್ಲಿ ಗುರುತು ಹಾಕಿಕೊಂಡು, ಪಾಠ ಮುಗಿದ ಮೇಲಿನ ಚರ್ಚೆಯನ್ನು ಅಲ್ಲಿಂದಲೇ ಶುರುಮಾಡಬಹುದು.